ಗಾಳಿ ಕುಡಿದು ಸೈಕಲ್ ತುಳಿದವನು

ಹಫೀಜಣ್ಣ,

ನೀನು ಮಣ್ಣಾದ ಮೇಲೆ ಈ ಕಥೆಯನ್ನು ಮೊದಲು ಹೇಳಿದವನು ಶಿರಾದ ಸೈಕಲ್ ಕೋಚ್ ಲಕ್ಷ್ಮೀಪತಿ, ಹೋದ ಯುಗಾದಿಗೆ. ಬಳೆ ಮಾರಲು ನೀನು ಶಿರಾದಿಂದ ಪಾವಗಡದವರೆಗೂ ಏನೂ ತಿನ್ನದೆ ತುಳಿಯುತ್ತಿದ್ದೆಯಂತೆ! ಅದನ್ನು ನಂಬಿದ ನಿನ್ನ ಮೊಮ್ಮಗಳು ನೂರೀನ್ ನಿನ್ನೆ ಕೋಚ್ ಮತ್ತು ಅವನ ಸೈಕಲ್ ತಂಡದ ಹುಡುಗಿಯರ ಜೊತೆ ಖಾಲಿ ಹೊಟ್ಟೆಯಲ್ಲಿ ತುಳಿದು ಬಂದು, ದೊಡ್ಡೇರಿಯ ನಮ್ಮ ಬಾಗಿಲಲ್ಲೇ ತಲೆಸುತ್ತಿ ಬಿದ್ದಳು.

“ಮನಸ್ಸು ಗಟ್ಟಿ ಇದ್ರೆ ಊಟ ಯಾಕ್ ಬೇಕು, ಮಂಜಜ್ಜಿ?” ಅಂದ ಕೋಚ್.

“ಗಾಳಿ ಕುಡ್ದು ಬದುಕೋಕೆ ಹಫೀಜಣ್ಣ ಏನು ಹಾವೇನ್ಲಾ? ಹೋಗ್ತಾ ಬರ್ತಾ ಇಲ್ಲೇ ಕೂತು ಮುದ್ದೆ ಉಣ್ತಿದ್ದ. ಅದನ್ನ ತಿರುವಿದ ಕೈ ನಂದು ಕಣ್ಲಾ! ಕಥೆಯಿಂದ ಅದನ್ನೇ ತೆಗ್ದ್‌ಬುಟ್ಯಾ?” ಎಂದು ರೇಗಿದೆ.

ನೀನು ನನ್ನ ಮೇಲೆ ಮುನಿಸಿಕೊಂಡು ಉಣ್ಣದೆ ಎದ್ದು ಹೋದದ್ದು ಕೊನೆಯ ಸಲ ಮಾತ್ರ. ಅದನ್ನು ಅವರಿಗೆ ಹೇಳಲಿಲ್ಲ.

ಈ ಬೆಳಿಗ್ಗೆ ಅವರೆಲ್ಲ ಮತ್ತೆ ಬಂದು, ಸೈಕಲ್ಲುಗಳನ್ನು ಗೋಡೆಗೆ ಒರಗಿಸಿ, ಕೋಚನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಉಂಡೇ ಹೊರಟರು. ನೂರೀನ್ ಇನ್ನೊಂದು ಮುದ್ದೆ ಕೇಳಿ ಹಾಕಿಸಿಕೊಂಡಳು.