ದೊಡ್ಡಣ್ಣ ತೆರೆಯದ 782

ಮಾರ್ಚ್ 1

ಬೆಳಗ್ಗೆಯೇ ತಲೆ ಚಿಟ್ಟು. ಊರಾಚೆಯ ಹೊಸ ಬಡಾವಣೆಗೆ ಫೋನ್ ಲೈನ್ ಎಳೆದಿರುವ ಚಿಕ್ಕ ಕಂಪನಿಗೆ ನಂಬರು ಬೇಕಂತೆ. ಮನೆಗಳು ನೂರಿನ್ನೂರು. ಕೊಡಬೇಕಾದದ್ದು ಹತ್ತು ಸಾವಿರ! ಕಂಪನಿಗಳಿಗೆ ನಂಬರು ಹಂಚುವ ನಮ್ಮ ಆಫೀಸಿನಲ್ಲಿ ಅದಕ್ಕಿಂತ ಸಣ್ಣ ಕಟ್ಟು ಇಲ್ಲ. ಒಂದು ಲೋಟ ನೀರು ಕೇಳಿದವರಿಗೆ ಬಾವಿಯನ್ನೇ ಬರೆದುಕೊಟ್ಟ ಹಾಗೆ. 782ರಿಂದ ಶುರುವಾಗುವ ಸರಣಿ ಕೊಟ್ಟೆ. ಉಳಿದೆಲ್ಲ ಕಂಪನಿಗಳಿಗೂ ಫ್ಯಾಕ್ಸ್: ಏಪ್ರಿಲ್ ಒಂದರೊಳಗೆ ನಿಮ್ಮ ಎಕ್ಸ್‌ಚೇಂಜಿನಲ್ಲಿ 782 ತೆರೆದಿಡಿ, ಇಲ್ಲದಿದ್ದರೆ ನಿಮ್ಮ ಗ್ರಾಹಕರ ಕರೆ ಅಲ್ಲಿಗೆ ಹೋಗುವುದಿಲ್ಲ. ಓದುವ ಪುಣ್ಯಾತ್ಮರು ಯಾರೋ...

ಏಪ್ರಿಲ್ 2

ಅಕ್ಕನ ಫೋನು. ಆ ಬಡಾವಣೆಗೇ ಮನೆ ಬದಲಾಯಿಸಿದ್ದಾರೆ. "ನಿನ್ನ 782 ಬಂತು ಕಣೇ! ಆಸ್ಪತ್ರೆಗೂ ಇದೇ ನಂಬರ್ ಕೊಟ್ಟಾಯ್ತು."

ಭಾವ ಕಿಡ್ನಿಗೆ ಕಾಯುತ್ತಾ ಮೂರು ವರ್ಷ. ಸಿಕ್ಕರೆ ಆಸ್ಪತ್ರೆಯಿಂದ ಫೋನ್ ಬರುತ್ತದೆ. ಒಂದು ಗಂಟೆಯೊಳಗೆ ಇವರು ಸಿಗದಿದ್ದರೆ ಪಟ್ಟಿಯಲ್ಲಿ ಮುಂದಿನವರಿಗೆ. ಅಕ್ಕ ಸ್ನಾನಕ್ಕೆ ಹೋಗುವಾಗ ಭಾವನನ್ನು ಫೋನಿನ ಮುಂದೆ ಕೂರಿಸಿ ಹೋಗುತ್ತಾಳಂತೆ. ನಗು ಬಂತು.

ಏಪ್ರಿಲ್ 5, ಶುಕ್ರವಾರ

ಅಕ್ಕ: "ನಾವು ಮಾಡಿದ್ರೆ ಹೋಗುತ್ತೆ. ನಮಗೆ ಮಾತ್ರ ಬರಲ್ಲ. ಅತ್ತೆ ಮಾಡಿದ್ರೆ ಯಾವಳೋ 'ಈ ನಂಬರ್ ಅಸ್ತಿತ್ವದಲ್ಲಿಲ್ಲ' ಅಂತಾಳಂತೆ."

ಅತ್ತೆಯ ಮನೆಯದು ದೊಡ್ಡಣ್ಣನ ಲೈನ್. ಊರಿನ ಮುಕ್ಕಾಲು ಫೋನು ಆ ಕಂಪನಿಯದೇ, ಅದಕ್ಕೇ ನಾವಿಟ್ಟ ಹೆಸರು. ಆಸ್ಪತ್ರೆಯದೂ ಅದೇ ಲೈನ್.

ದೊಡ್ಡಣ್ಣನ ಎಂಜಿನಿಯರಿಗೆ ಮಾಡಿದೆ.

"782? ಅಂಥದ್ದು ನಮ್ಮಲ್ಲಿ ಇಲ್ವಲ್ಲ ಮೇಡಂ."

"ಇಲ್ಲ ಅಂತಾನೇ ನಾನೂ ಬಡ್ಕೋತಿರೋದು! ತೆರೀರಿ! ಫ್ಯಾಕ್ಸ್ ಕಳಿಸಿ ತಿಂಗಳಾಯ್ತು."

"ಭಾನುವಾರ ರಾತ್ರಿ ಬಿಟ್ಟು ಎಕ್ಸ್‌ಚೇಂಜ್ ಮುಟ್ಟೋ ಹಾಗಿಲ್ಲ. ಅಲ್ಲಿಗೆ ಯಾರು ಮೇಡಂ ಫೋನ್ ಮಾಡ್ತಾರೆ?"

ರಿಸೀವರ್ ಕುಕ್ಕಿ ಆಸ್ಪತ್ರೆಗೆ ಓಡಿದೆ. ನನ್ನ ನಂಬರ್ ಬರೆದುಕೊಳ್ಳಿ ಎಂದೆ. ಕೌಂಟರಿನಾಕೆ ತಲೆ ಎತ್ತಲಿಲ್ಲ.

"ಪೇಷಂಟೇ ಬಂದು ಸೈನ್ ಹಾಕ್ಬೇಕು."

"ಈಗಿರೋ ನಂಬರಿಗೆ ನಿಮ್ಮ ಫೋನಿಂದ ಹೋಗೋದೇ ಇಲ್ಲಮ್ಮ!"

"ಸೈನ್ ಇಲ್ದೆ ಬದಲಾಯಿಸೋಕಾಗಲ್ಲ."

ಇದಕ್ಕಿಂತ ಗೋಡೆಯ ಹತ್ತಿರ ಮಾತಾಡಬಹುದಿತ್ತು. ಭಾವನಿಗೆ ಹೇಳಿದರೆ ನಗುತ್ತಾರೆ. "ಸೋಮವಾರ ಮಧ್ಯಾಹ್ನ ಡಯಾಲಿಸಿಸ್‌ಗೆ ಬರ್ತೀನಲ್ಲ, ಆಗ ಹಾಕ್ತೀನಿ ಬಿಡು. ಮೂರು ವರ್ಷ ಬರದೇ ಇದ್ದಿದ್ದು ಈ ಎರಡು ದಿನದಲ್ಲಿ ಬರುತ್ತಾ?"

ಎಲ್ಲರಿಗೂ ತಾಳ್ಮೆ. ಹುಚ್ಚು ನನಗೊಬ್ಬಳಿಗೇ.

ಏಪ್ರಿಲ್ 8, ಸೋಮವಾರ

ಬೆಳಗ್ಗೆ ಎಂಜಿನಿಯರ್: "ಓಪನ್ ಮಾಡಿದೀವಿ ಮೇಡಂ. ಖುಷೀನಾ?" ಆ ಮನುಷ್ಯನ ಮಾತಿನ ಮೇಲೆ ನಂಬಿಕೆ ಇಲ್ಲ. ಆಸ್ಪತ್ರೆಯ ಫೋನಿನಿಂದಲೇ ಮಾಡಿ ನೋಡೋಣವೆಂದು ಹೋದೆ. ಕೌಂಟರಿನಾಕೆ ಇವತ್ತು ತಲೆ ಎತ್ತಿದಳು.

"ಶನಿವಾರ ಸಂಜೆ ನಿಮ್ಮ ಭಾವಂಗೆ ಕಿಡ್ನಿ ಬಂದಿತ್ತು. ಒಂದು ಗಂಟೆ ಮಾಡ್ತಾನೇ ಇದ್ವಿ. ನಂಬರೇ ಇಲ್ಲ ಅಂತು... ಮುಂದಿನವರಿಗೆ ಹಾಕಿಬಿಟ್ರು."

ಕೂಗಾಡಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಫೋನನ್ನು ನನ್ನತ್ತ ಸರಿಸಿದಳು.

782... ಹೋಯಿತು. ಮೊದಲ ರಿಂಗಿಗೇ ಅಕ್ಕ ಎತ್ತಿದಳು.

"ಅಕ್ಕಾ, ಆಸ್ಪತ್ರೆಯಿಂದ..." ಎಂದೆ. ಅಷ್ಟೇ.

"ಬಂತಾ? ರೀ! ಬಂತು ರೀ! ಬ್ಯಾಗ್ ತಗೊಳ್ಳಿ!" ಭಾವ ಏನನ್ನೋ ಬೀಳಿಸಿದ ಸದ್ದು. ಅಕ್ಕ ಅಳುತ್ತಿದ್ದಳು, ನಗುತ್ತಲೂ ಇದ್ದಳು.

"ಅಕ್ಕಾ, ಸ್ವಲ್ಪ ಕೇಳು," ಎಂದೆ. "ಅದು —"