ಬಾಗಿಲ ಮೇಲಿನ ಕಲ್ಲು

೧೦ ಜೂನ್ ೨೦೨೫, ಮಂಗಳವಾರ

ಆ ಕಲ್ಲಿನ ಚಿಂತೆ ಇವತ್ತೂ ಬಿಡಲಿಲ್ಲ. ಊರಿನ ಹೈಸ್ಕೂಲಿಗೆ ಜಾಗ ಕೊಟ್ಟವನು ಅಪ್ಪ ಕಾಶೀರಾಮ. ಹಳೇ ಕಟ್ಟಡದ ಬಾಗಿಲ ಮೇಲಿನ ಕಲ್ಲಿನಲ್ಲಿ ಅವನ ಹೆಸರಿತ್ತು. ಹೊಸದು ಕಟ್ಟಲು ಕೆಡವಿದ ಮೇಲೆ ಆ ಕಲ್ಲು ಕಾಣಲಿಲ್ಲ.

ಸಂಜೆ ಶಾಲಾ ಕಮಿಟಿ ಅಧ್ಯಕ್ಷ ಶಿವರಾಜಪ್ಪನವರನ್ನು ಕೇಳಿದೆ.

"ಜ್ವಾಪಾನ ಇಟ್ಟೀನ್ರಿ ಮಹಾಮಾಯಾಬಾಯಿ, ಬರ್ರಿ," ಎಂದು ಮನೆಗೆ ಕರೆದೊಯ್ದರು.

ಗೋಣಿಚೀಲ ಬಿಚ್ಚಿದರೆ ಒಂದು ಅಕ್ಷರವೂ ಮುಕ್ಕಾಗಿರಲಿಲ್ಲ. ಅನುಮಾನಪಟ್ಟದ್ದಕ್ಕೆ ನಾಚಿಕೆಯಾಯಿತು.

"ಹೊಸ ಸಾಲ್ಯಾಗ ಎಲ್ಲಿ ಕೂಡಸ್ತೀರಿ?" ಎಂದೆ.

"ಇದು ನಿಮ್ಮ ಮನಿತನದ್ದರಿ. ನೀವೇ ಒಯ್ರಿ, ಮನ್ಯಾಗ ಛಂದ ಕಾಣ್ತದ."

ಅಂದರೆ ಹೊಸ ಶಾಲೆಯಲ್ಲಿ ಅಪ್ಪನ ಹೆಸರಿಗೆ ಜಾಗವಿಲ್ಲ. ಇಷ್ಟು ಮರ್ಯಾದೆಯಿಂದ ಹೇಳುವವರ ಜೊತೆ ಹೇಗೆ ಜಗಳಾಡುವುದು? ನಾನು ಒಯ್ಯಲಿಲ್ಲ. "ಸಾಲಿ ಬಾಗಲದಾಗೇ ನೋಡ್ತೇನ್ರಿ," ಎಂದು ಬಂದುಬಿಟ್ಟೆ.

ಈಗ ನಿದ್ದೆ ಬರುತ್ತಿಲ್ಲ. ಕಲ್ಲನ್ನು ಅವರ ಮನೆಯಲ್ಲೇ ಬಿಟ್ಟು ಬಂದೆನಲ್ಲ, ನಾಳೆ ಹೋದರೆ ಅದು ಅಲ್ಲಿ ಇರುತ್ತದೋ ಇಲ್ಲವೋ?