ಗೋಡೆಯ ಮೇಲಿನ ಅಪ್ಪ

ಮನೆಯಿಂದ,
ಹನ್ನೊಂದನೇ ತಾರೀಕು, ಭಾನುವಾರ

ಮಕ್ಕಳ ಅಪ್ಪನಿಗೆ,

ಮೊದಲೇ ಹೇಳಿಬಿಡುತ್ತೇನೆ, ಅಕ್ಷರ ಕೋಳಿ ಕೆದರಿದ ಹಾಗಿದೆ, ತಪ್ಪುಗಳೂ ಇರುತ್ತವೆ, ನಗಬೇಡಿ. ನಾಲ್ಕನೇ ಕ್ಲಾಸಿಗೆ ಬಂದದ್ದು ಇಷ್ಟೇ. ಸಾಲದ್ದಕ್ಕೆ ಗುಂಡ ತೊಡೆಯ ಮೇಲೆ ಕೂತು ಪೆನ್ನು ಎಳೆಯುತ್ತಿದ್ದಾನೆ. ಮೇಲಿನ ಉದ್ದ ಗೀಟು ಅವನದು. ಅವನೂ ನಿಮಗೆ ಏನೋ ಬರೆದ ಅಂದುಕೊಳ್ಳಿ. ನಿಮ್ಮ ಕೆಮ್ಮು ಹೇಗಿದೆ? ಬಣ್ಣ ಹೊಡೆಯುವ ಕೋಣೆಯಿಂದ ಹೊರಗೆ ಬಂದ ಕೂಡಲೇ ಬಿಸಿನೀರು ಕುಡಿಯಿರಿ. ಮುಖವಾಡದ ಪಟ್ಟಿ ತಾಗಿ ಕಿವಿಯ ಹಿಂದೆ ಗಾಯವಾಗಿತ್ತಲ್ಲ, ಅಲ್ಲಿಗೆ ಎಣ್ಣೆ ಹಚ್ಚಿ. ಅತ್ತೆ ಚೆನ್ನಾಗಿದ್ದಾರೆ. ರೈಲಿನಲ್ಲಿ ಗುಂಡನಿಗೆ ಬಂದಿದ್ದ ಜ್ವರ ಬಿಟ್ಟಿದೆ. ಗುಬ್ಬಿ ಉಣ್ಣುತ್ತಾಳೆ, ಆಡುತ್ತಾಳೆ, ಮಾತು ಮಾತ್ರ ಕಡಿಮೆಯಾಗಿದೆ.

ನಿಮ್ಮನ್ನು ನೋಡಲು ನಾವು ಹೊರಟ ದಿನ ಅತ್ತೆ ಬಾಗಿಲಲ್ಲಿ ನಿಂತು, "ಕೂಸಿಗಿಂತ ಕೂಸಿನ ಗಂಟೇ ದೊಡ್ಡದಾಯ್ತಲ್ಲೇ" ಎಂದು ನಕ್ಕಿದ್ದರು. ನಿಜವೇ. ಹೋಗಲು ಎರಡು ದಿನ, ಬರಲು ಎರಡು ದಿನ, ನಡುವೆ ನಿಮ್ಮ ಜೊತೆ ಏಳು ಗಂಟೆ. ಗುಂಡ ನನ್ನ ಹೊಸ ಬಟ್ಟೆಯ ಮೇಲೆ ಎರಡು ಸಲ ವಾಂತಿ ಮಾಡಿದ. ಆದರೆ ಹೋಗುವಾಗ ಗುಬ್ಬಿಯ ಸಡಗರ ನೀವು ನೋಡಬೇಕಿತ್ತು. ರೈಲು ಡಬ್ಬಿಯಲ್ಲಿದ್ದವರಿಗೆಲ್ಲ "ನಾವು ಅಪ್ಪನ್ನ ನೋಡಕ್ಕೆ ಹೋಗ್ತಿದೀವಿ" ಅಂದದ್ದೇ ಅಂದದ್ದು. ಟಿಕೆಟ್ ನೋಡಲು ಬಂದವರನ್ನೂ ಬಿಡಲಿಲ್ಲ. "ನಮ್ಮಪ್ಪನ ಮೀಸೆ ನಿಮ್ಮದಕ್ಕಿಂತ ದೊಡ್ಡದು" ಎಂದುಬಿಟ್ಟಳು. ನಾನು ನಾಚಿಕೆಯಿಂದ ಕಿಟಕಿಯ ಕಡೆ ತಿರುಗಿಕೊಂಡೆ.

ತಪ್ಪು ನನ್ನದು. ನೀವು ಹೋದಾಗ ಅವಳಿಗೆ ಒಂದೂವರೆ ವರ್ಷ, ಗುಂಡ ಇನ್ನೂ ಹುಟ್ಟಿರಲಿಲ್ಲ. ನಿಮ್ಮನ್ನು ಮರೆಯದಿರಲಿ ಎಂದು ಎರಡು ವರ್ಷ ದಿನಾ ಬೆಳಿಗ್ಗೆ ಅವಳನ್ನು ಎತ್ತಿ ಗೋಡೆಯ ಫೋಟೋ ತೋರಿಸಿದೆ. ಮೀಸೆ ಮುಟ್ಟಿ "ಅಪ್ಪಾ, ಹೋಗ್ಬರ್ತೀನಿ" ಎಂದು ಹೇಳಿದ ಮೇಲೆಯೇ ಅವಳು ಅತ್ತೆಯ ಹತ್ತಿರ ಹೋಗುವುದು, ನಾನು ಅಂಗಿಗೆ ಗುಂಡಿ ಹೊಲಿಯಲು ಇಲ್ಲಿನ ಕಾರ್ಖಾನೆಗೆ ಓಡುವುದು. ಮುಖವಾಡ ಬಿಗಿಯಾಗಿ ಕೂರಬೇಕಾದರೆ ಮೀಸೆ ಇರಬಾರದಂತೆ, ಬೋಳಿಸಿದೆ ಎಂದು ನೀವು ಬರೆದಿದ್ದಿರಿ. ಓದಿ ನಕ್ಕು ಪತ್ರ ಮಡಿಸಿಟ್ಟೆ. ಅವಳಿಗೆ ಹೇಳಬೇಕೆಂದು ಹೊಳೆಯಲೇ ಇಲ್ಲ.

ನಿಮ್ಮ ಕಾರ್ಖಾನೆಯ ಗೇಟಿನಲ್ಲಿ ನೀವು ಕೈ ಚಾಚಿದಾಗ ಅವಳು ಗಂಟಿನ ಹಿಂದೆ ಅಡಗಿದಳು. "ಇವ್ರು ಬೇಡ. ಮನೆಗೆ ಹೋಗೋಣ, ಅಲ್ಲಿ ಅಪ್ಪ ಒಬ್ರೇ ಇದಾರೆ" ಎಂದಳು. ಗೇಟಿನ ಕಾವಲುಗಾರ ಹೊಟ್ಟೆ ಹಿಡಿದುಕೊಂಡು ನಕ್ಕ. ನೀವೂ ನಕ್ಕಿರಿ. ಎರಡು ಬೆರಳನ್ನು ಮೀಸೆಯ ಹಾಗೆ ತುಟಿಯ ಮೇಲೆ ಇಟ್ಟುಕೊಂಡು ಬಗ್ಗಿದಿರಿ. ಒಂದು ಗಳಿಗೆ ನೋಡಿದಳು, ಆಮೇಲೆ ಜೋರಾಗಿ ಅತ್ತಳು. ಗುಂಡ ಮಾತ್ರ ಎತ್ತಿದ ಕೂಡಲೇ ನಿಮ್ಮ ಹೆಗಲ ಮೇಲೆ ನಿದ್ದೆ ಹೋದ. "ರಕ್ತ ಗುರುತು ಹಿಡಿಯುತ್ತೆ ನೋಡು" ಎಂದು ನೀವು ಹಿಗ್ಗಿದಿರಿ. ಅವನು ಹಾಲಿನವನ ಹೆಗಲ ಮೇಲೂ ಹಾಗೇ ಮಲಗುತ್ತಾನೆ.

ರೈಲು ನಿಲ್ದಾಣಕ್ಕೆ ಹೋಗುವ ಬಸ್ಸು ಹತ್ತಿಸುವಾಗ, "ಇನ್ಮೇಲೆ ಇವರನ್ನ ಹೊತ್ಕೊಂಡು ಬರ್ಬೇಡ ಕಣೇ, ದೊಡ್ಡೋರಾಗ್ಲಿ" ಎಂದಿರಿ. ತಲೆಯಾಡಿಸಿದೆ. ನಾನು ಎಲ್ಲದಕ್ಕೂ ತಲೆಯಾಡಿಸುತ್ತೇನೆ, ನಿಮಗೆ ಗೊತ್ತು. ಇಲ್ಲಿಯೂ ಪಕ್ಕದ ಮೆಷಿನ್ನಿನ ಅಕ್ಕ, "ಬೆಟ್ಟ ಅಗೆದು ಇಲಿ ಹಿಡಿದ್ಹಂಗಾಯ್ತಲ್ಲೇ, ಹಸುಗೂಸು ಕಟ್ಕೊಂಡು ಯಾಕೆ ಹೋಗ್ಬೇಕಿತ್ತು?" ಎಂದಳು. ತಲೆ ತಗ್ಗಿಸಿ ಗುಂಡಿ ಹೊಲಿದೆ. ಅವಳಿಗೆ ಕೊಡಬೇಕಾದ ಉತ್ತರ ನಿಮಗೆ ಬರೆಯುತ್ತೇನೆ. ಬರುವಾಗ, ಬಸ್ಸು ಊರು ದಾಟಿದ ಮೇಲೆ ಗುಬ್ಬಿ ಕೇಳಿದ್ದಳು, "ಆ ಮಾಮ ಯಾಕಮ್ಮಾ ಅಳ್ತಿದ್ರು?" ನಾನು ಗಂಟು ಸರಿಮಾಡುತ್ತಿದ್ದೆ, ನೋಡಿರಲಿಲ್ಲ. ಅವಳು ಹಿಂದಿನ ಗಾಜಿನಿಂದ ನಿಮ್ಮನ್ನೇ ನೋಡುತ್ತಿದ್ದಳು. ಹೋಗದೇ ಇದ್ದಿದ್ದರೆ ಅವಳು ಗೋಡೆಯ ಕಾಗದದ ಅಪ್ಪನ ಜೊತೆ ಸುಖವಾಗಿಯೇ ಬೆಳೆಯುತ್ತಿದ್ದಳು. ಕಾಗದದ ಅಪ್ಪ ಅಳುವುದಿಲ್ಲ.

ಅತ್ತೆ ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಗೇಟಿನ ಕಾವಲುಗಾರರಿಗೆ ನಮಸ್ಕಾರ ಹೇಳಿ. ಗುಂಡನ ಹಾಲು ಬಿಸಿ ಮಾಡಿಕೊಟ್ಟ ಪುಣ್ಯಾತ್ಮ.

ನಿಮ್ಮ,
ಗುಬ್ಬಿಯ ಅಮ್ಮ

ಮರೆತಿದ್ದೆ. ಮರೆತದ್ದಲ್ಲ, ಎದುರಿಗೆ ಹೇಳಲು ಧೈರ್ಯ ಬಂದಿರಲಿಲ್ಲ. ಇನ್ನೆರಡು ವರ್ಷ ಅಲ್ಲೇ ಕೆಲಸ ಮಾಡುವ ಕರಾರಿನ ಕಾಗದ ಮುಂದಿನ ತಿಂಗಳು ಕೊಡುತ್ತಾರೆ ಎಂದಿರಲ್ಲ, ಅದಕ್ಕೆ ಸಹಿ ಹಾಕಬೇಡಿ. ಮಕ್ಕಳು ದೊಡ್ಡವರಾಗಲು ಯಾರಿಗೂ ಕಾಯುವುದಿಲ್ಲ. ಮೀಸೆ ಬೆಳೆಸಿಕೊಂಡು ಬರುವುದೂ ಬೇಡ, ಈಗಿರುವ ಹಾಗೇ ಬನ್ನಿ. ಇವತ್ತು ಬೆಳಿಗ್ಗೆ ಫೋಟೋ ಇಳಿಸಿ ಪೆಟ್ಟಿಗೆಯಲ್ಲಿ ಇಟ್ಟೆ. ಗುಬ್ಬಿ ಎದ್ದು ಬಂದು ಗೋಡೆಯ ಬಿಳಿ ಚೌಕವನ್ನೇ ಬಹಳ ಹೊತ್ತು ನೋಡಿದಳು. "ಅಪ್ಪ ಬಸ್ ಹತ್ತಿದ್ರಾ?" ಎಂದು ಕೇಳಿದಳು. ಹೂಂ ಅಂದುಬಿಟ್ಟೆ.